ಗದ್ದೆ ಹೋಗಿ ಸೈಟು ಬಂದಾಗ

(ವಯನಾಡಿನ ತೋಟ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ವಯನಾಡೆಂಬ ಹೆಸರು 'ವಯಲ್ ನಾಡು', ಅಂದರೆ ಗದ್ದೆಗಳ ನಾಡು, ಎಂಬುದರಿಂದ ಬಂತೆಂದು ಹೇಳುವುದುಂಟು. ಇಂದು ನಾವು ಎಸ್ಟೇಟಿನಿಂದ ಪೇಟೆಗೆ ಇಳಿಯುವಾಗ ದಾರಿಯ ಬದಿಯಲ್ಲಿ ಕಾಣುವುದೇನು? ಮಣ್ಣು ತುಂಬಿದ ಗದ್ದೆ, ಅದರ ಮೇಲೆ ಮನೆ, ಅಂಗಡಿ, ರೆಸಾರ್ಟು. 1970ರ ದಶಕದ ನಡುವಿನಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಈಗ ಅದು ಸುಮಾರು 2 ಲಕ್ಷಕ್ಕೆ ಇಳಿದಿದೆ.

ಗದ್ದೆ ಮಾರಿದವನನ್ನು ದುರಾಸೆಯವನೆಂದು ಜರೆಯುವುದು ಸುಲಭ. ಅವನ ಲೆಕ್ಕವನ್ನೂ ನೋಡೋಣ. ನಾಟಿ, ಕೊಯ್ಲು, ಗೊಬ್ಬರಕ್ಕೆ ಹಾಕಿದ ಹಣ ಭತ್ತ ಮಾರಿದರೆ ಹಿಂದಿರುಗುವುದು ಕಷ್ಟ. ಆದುದರಿಂದ ಅವನು ನೇಂದ್ರ ಬಾಳೆ ಹಾಕುತ್ತಾನೆ. ಬಾಳೆಯ ಬುಡದಲ್ಲಿ ನೀರು ನಿಲ್ಲಬಾರದೆಂದು ಚರಂಡಿ ತೋಡುತ್ತಾನೆ. ಆಗ ಪಕ್ಕದ ಗದ್ದೆಯ ನೀರೂ ಬಸಿದುಹೋಗಿ, ಭತ್ತ ಬೆಳೆಯಬೇಕೆಂದಿದ್ದ ನೆರೆಯವನಿಗೂ ದಾರಿ ಉಳಿಯುವುದಿಲ್ಲ. 2000ದ ಆಸುಪಾಸಿನಲ್ಲಿ ಕಾಫಿ, ಕರಿಮೆಣಸುಗಳ ಬೆಲೆ ಬಿದ್ದಾಗ ಸಾಲದ ಹೊರೆಯಿಂದ ಅನೇಕರು ಭೂಮಿ ಮಾರಿದರು. ಕೊಳ್ಳುವವರ ಕೈಯಲ್ಲಿ ಗಲ್ಫಿನ ಹಣವೂ ಪಟ್ಟಣದ ಹಣವೂ ಇತ್ತು. ರಸ್ತೆ ಬದಿಯ ಗದ್ದೆಯನ್ನು ಬೆಳೆಯಿಂದಲ್ಲ, ಸೆಂಟಿನಿಂದ ಬೆಲೆ ಕಟ್ಟತೊಡಗಿದರು.

ಇದರಲ್ಲಿ ನಮ್ಮ ಪಾಲೂ ಇದೆ. ನಾವು ಪಾಡಿಯಲ್ಲಿ ವಾಸಿಸುವವರು. 1951ರ ತೋಟ ಕಾರ್ಮಿಕರ ಕಾಯ್ದೆ ನಮಗೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಆ ಮನೆ ಕೆಲಸ ಇರುವ ತನಕ ಮಾತ್ರ. ಜೀವಮಾನವೆಲ್ಲಾ ಎಲೆ ಕಿತ್ತ ಕೈಗೆ ಗ್ರಾಚ್ಯುಟಿ ಹಣ ಬಂದಾಗ ನಾವು ಐದು ಸೆಂಟು ಜಾಗ ಹುಡುಕುತ್ತೇವೆ. ಅಗ್ಗದಲ್ಲಿ ಸಿಗುವುದು ಗದ್ದೆಯೇ. ದಲ್ಲಾಳಿಗೆ ಇದು ಚೆನ್ನಾಗಿ ಗೊತ್ತು.

ಅರಸನಾದ ಅಹಾಬನು ನಾಬೋತನ ದ್ರಾಕ್ಷೇತೋಟವನ್ನು ಕಾಯಿಪಲ್ಯದ ತೋಟಕ್ಕೆಂದು ಕೇಳಿದ ಸಂಗತಿ ನಮಗೆಲ್ಲ ತಿಳಿದಿದೆ. ನಾಬೋತನು ಕೊಡಲೊಲ್ಲದೆ ಪ್ರಾಣ ಕಳಕೊಂಡನು. ಇಲ್ಲಿ ಬಲವಂತ ಮಾಡುವ ಅರಸನಿಲ್ಲ. ಮಾರುವವನನ್ನು ಸಾಲ ನೂಕುತ್ತದೆ, ಕೊಳ್ಳುವ ನಮ್ಮನ್ನು ನೆಲೆಯಿಲ್ಲದ ಭಯ ನೂಕುತ್ತದೆ.

ಕೊಂಡ ಮೇಲೂ ಕಷ್ಟ ತೀರುವುದಿಲ್ಲ. 2008ರ ಕಾಯ್ದೆ ಭತ್ತದ ಗದ್ದೆಯನ್ನೂ ಜೌಗು ನೆಲವನ್ನೂ ತುಂಬಬಾರದೆನ್ನುತ್ತದೆ. ಅಂಥ ಜಾಗಗಳನ್ನು ಡಾಟಾ ಬ್ಯಾಂಕ್ ಎಂಬ ಪಟ್ಟಿಯಲ್ಲಿ ಸೇರಿಸಿದ್ದಾರೆ. ಅದರಲ್ಲಿರುವ ಜಾಗದ ಪತ್ರ ನೋಂದಣಿಯಾದರೂ ಮನೆ ಕಟ್ಟಲು ಅನುಮತಿ ಸಿಗುವುದು ಬಹು ಕಷ್ಟ. ಇದ್ದ ಹಣ ಮುಗಿಯುತ್ತದೆ. ಮನೆ ಮಾತ್ರ ಏಳುವುದಿಲ್ಲ. ಇನ್ನು ಗದ್ದೆ ತುಂಬಿದರೆ ಮಳೆನೀರು ನಿಂತು ಇಂಗುವ ಜಾಗವೇ ಇಲ್ಲವಾಗುತ್ತದೆ. ಬೇಸಿಗೆಯಲ್ಲಿ ಸುತ್ತಲ ಬಾವಿಗಳು ಬತ್ತುತ್ತವೆ.

ಆದುದರಿಂದ ಎರಡು ಮಾತು. ಮುಂಗಡ ಕೊಡುವ ಮೊದಲು ಸರ್ವೆ ನಂಬರು ಹಿಡಿದು ಕೃಷಿಭವನಕ್ಕೂ ವಿಲೇಜ್ ಆಫೀಸಿಗೂ ಹೋಗೋಣ. ದಾಖಲೆಯಲ್ಲಿ 'ನಿಲಂ' ಎಂದಿದ್ದರೆ ಅದು ಗದ್ದೆ, 'ಪುರಯಿಡಂ' ಎಂದಿದ್ದರೆ ಒಣ ಜಾಗ. ಓದಲು ಬಾರದವರು ಓದುವ ಮಕ್ಕಳನ್ನು ಕರಕೊಂಡು ಹೋಗಲಿ. ಎರಡನೆಯದು, ನಿವೃತ್ತರಾದವರಿಗೆ ಒಣ ಜಾಗದಲ್ಲಿ ನೆಲೆ ಬೇಕೆಂದು ಯೂನಿಯನ್ನಿನಲ್ಲಿಯೂ ಪಂಚಾಯತಿಯಲ್ಲಿಯೂ ಒಟ್ಟಾಗಿ ಕೇಳೋಣ. ಒಬ್ಬೊಬ್ಬರೇ ದಲ್ಲಾಳಿಯ ಹಿಂದೆ ಹೋಗುವ ತನಕ ರೈತನ ಗದ್ದೆಯೂ ಉಳಿಯದು, ನಮಗೆ ಮನೆಯೂ ಆಗದು.