ಮರಿ ತೋರಿಸಿಕೊಟ್ಟ ವಂಶ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಘಟಪ್ರಭೆಯ ನೀರು ಹೊರಡುತ್ತದೆ. ಧುಪದಾಳದ ಅಣೆಯ ಹತ್ತಿರ ಒಂದು ಪಾಲು ಎಡದಂಡೆ ಕಾಲುವೆ ಹಿಡಿದು ಮೂಡಲಗಿಯ ಕಬ್ಬಿನ ಹೊಲಗಳತ್ತ ಹೋಗುತ್ತದೆ. ಉಳಿದದ್ದು ಗೋಕಾಕದ ಬಂಡೆಯಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ.

ಇಂಥ ಸೀಮೆಯ ಕೆರೆ, ಬಾವಿ, ಹೊಂಡಗಳ ನಿಂತ ನೀರಿನಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ಸೈಕ್ಲಾಪ್ಸ್ ಇರುತ್ತದೆ. ಏಡಿ, ಸೀಗಡಿಗಳ ದೂರದ ನೆಂಟ. ಉತ್ತರ ಕರ್ನಾಟಕದ ಹಿರಿಯರನ್ನು ಕಾಡಿದ ನಾರುಹುಣ್ಣು ಹರಡಿದ್ದು ಈ ಜೀವಿಯ ಮೂಲಕವೇ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಅಭ್ಯಾಸ, ಮೆಟ್ಟಿಲು ಬಾವಿಗಳ ಸುಧಾರಣೆ ಆ ರೋಗವನ್ನು ಓಡಿಸಿದವು. 2000ರಲ್ಲಿ ಭಾರತ ಅದರಿಂದ ಮುಕ್ತ ಎಂದು ಘೋಷಣೆಯಾಯಿತು.

ಆದರೆ ನನಗೆ ಹೇಳಬೇಕಿರುವುದು ಸೈಕ್ಲಾಪ್ಸಿನ ಮರಿಯ ಕಥೆ.

ಹೆಣ್ಣು ಬಾಲದ ಎರಡೂ ಬದಿಗೆ ಮೊಟ್ಟೆಯ ಚೀಲ ಹೊತ್ತು ಈಜುತ್ತದೆ. ಅದರಿಂದ ಹೊರಬರುವ ಮರಿಗೆ ತಾಯಿಯ ಹೋಲಿಕೆಯೇ ಇಲ್ಲ: ದುಂಡು ಮೈ, ನಡುವೆ ಒಂದೇ ಕಣ್ಣು, ಮೂರೇ ಜೊತೆ ಕಾಲು. ಹೆಸರು ನಾಪ್ಲಿಯಸ್. 1699ರಲ್ಲೇ ಹಾಲೆಂಡಿನ ಲೇವೆನ್‌ಹುಕ್ ಇದನ್ನು ಕಂಡಿದ್ದರು. ಆದರೂ 1785ರಲ್ಲಿ ಡೆನ್ಮಾರ್ಕಿನ ಓ. ಎಫ್. ಮುಲ್ಲರ್ ಈ ಮರಿಗಳನ್ನೇ ಬೇರೊಂದು ಪ್ರಾಣಿಯೆಂದು ತಿಳಿದು ಹೆಸರಿಟ್ಟರು. ಪೊರೆ ಕಳಚುತ್ತಾ ಕಳಚುತ್ತಾ ಅದು ಸೈಕ್ಲಾಪ್ಸ್ ಆಗುವ ಹಂತಗಳನ್ನು ಜಿನೀವಾದ ಜುರಿನ್ ಚಿತ್ರಿಸಿದ ಪುಸ್ತಕ ಬಂದದ್ದು 1820ರಲ್ಲಿ.

ಮುಂದಿನ ಹತ್ತು ವರ್ಷದಲ್ಲಿ ದೊಡ್ಡ ಬೆರಗು ಕಾದಿತ್ತು. ಕಾರವಾರದಲ್ಲಿ ದೋಣಿಯ ತಳಕ್ಕೆ, ಬಂಡೆಗೆ ಕಚ್ಚಿಕೊಂಡು ಕೂರುವ ಬಾರ್ನಕಲ್ ನೋಡಿರುತ್ತೀರಿ. ಗಟ್ಟಿ ಚಿಪ್ಪು ಕಂಡು ವಿದ್ವಾಂಸರು ಅದನ್ನು ಕಪ್ಪೆಚಿಪ್ಪಿನ ಕುಲಕ್ಕೆ ಸೇರಿಸಿದ್ದರು. ಐರ್ಲೆಂಡಿನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್, ಕಡಲಲ್ಲಿ ಹಿಡಿದ ಕಣ್ಣುಳ್ಳ ಪುಟ್ಟ ಜೀವಿಗಳನ್ನು ಪಾತ್ರೆಯಲ್ಲಿಟ್ಟು ಕಾದರು. ಅವು ತಳಕ್ಕೆ ಅಂಟಿ ಬಾರ್ನಕಲ್ ಆದವು! 1830ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಬಾರ್ನಕಲ್ ಸೀಗಡಿಯ ಬಳಗಕ್ಕೆ ಬಂತು. ಏಡಿಯ ಹೊಟ್ಟೆಗೆ ಅಂಟಿ ಬೆಳೆಯುವ, ಕಾಲೂ ಇಲ್ಲದ ಬಾಯಿಯೂ ಇಲ್ಲದ ಚೀಲದಂಥ ಸ್ಯಾಕ್ಯುಲಿನಾ ಕೂಡ ಇದೇ ಬಳಗದ್ದೆಂದು ಹೇಳಿಕೊಟ್ಟದ್ದು ಅದರ ನಾಪ್ಲಿಯಸ್ ಮರಿ. ಬೆಳೆದ ಮೈ ಬದುಕಿಗೆ ತಕ್ಕಂತೆ ಗುರುತೇ ಸಿಗದಷ್ಟು ಬದಲಾಗಿದ್ದರೂ ಮರಿಯಲ್ಲಿ ನೆಂಟಸ್ತಿಕೆ ಉಳಿದಿತ್ತು.

ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಸ್ ಮುಲ್ಲರ್ ಕಡಲ ಸೀಗಡಿಯಲ್ಲೂ ನಾಪ್ಲಿಯಸ್ ಕಂಡು, 1864ರಲ್ಲಿ ಡಾರ್ವಿನ್ ವಾದವನ್ನು ಬೆಂಬಲಿಸಿ ಪುಸ್ತಕ ಬರೆದರು. ಈ ಎಲ್ಲ ಪ್ರಾಣಿಗಳ ಮೂಲಪುರುಷನೇ ನಾಪ್ಲಿಯಸ್‌ನಂತಿದ್ದನೆಂದು ಅವರ ಊಹೆ. ಅದನ್ನು ಇಂದು ಒಪ್ಪುವುದಿಲ್ಲ. ಸ್ವೀಡನ್ನಿನ ಸುಮಾರು 50 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಇಂಥ ಮರಿಗಳು ಸಿಕ್ಕಿವೆ. ಆಗಲೂ ಅವು ಮರಿಗಳೇ. ನಾಪ್ಲಿಯಸ್ ತೋರಿಸುವುದು ಅಜ್ಜನ ಮುಖವನ್ನಲ್ಲ, ಅಜ್ಜನ ಬಾಲ್ಯವನ್ನು.

ಮರಿಯ ಹಂತವೇ ಅಳಿಸಿಹೋಗುವುದೂ ಉಂಟು. ಕಡಲ ಏಡಿಯ ಮರಿ ಏಡಿಯಂತಿರದೆ ತೇಲಾಡಿ ಬೆಳೆಯುತ್ತದೆ. ನಮ್ಮ ಹೊಳೆ, ಗದ್ದೆಗಳ ಏಡಿ ಹಾಗಲ್ಲ. ಮಳೆಗಾಲದ ರಭಸಕ್ಕೆ ತೇಲುವ ಮರಿ ಕೊಚ್ಚಿಹೋದೀತು. ಹಾಗಾಗಿ ಈ ಏಡಿಯ ದೊಡ್ಡ ಮೊಟ್ಟೆಯೊಳಗೇ ಆ ಹಂತಗಳು ಮುಗಿದು, ಪುಟ್ಟ ಏಡಿಯೇ ಹೊರಬಂದು ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಕೆಲಕಾಲ ಇರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ: ಊರ ಕೆರೆಯ ಒಂದು ಲೋಟ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸಿ.