ರಟ್ಟಿನ ಮೇಲಿನ ಮನೆಗಳು

ಪಕ್ಕದ ಮನೆಯ ಹುಡುಗ ವೆಬ್ ಡೆವಲಪರ್. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಹಗಲೆಲ್ಲ ಪರದೆಯ ಮುಂದೆ ಕೂರುವ ಅವನು ರಾತ್ರಿ ರಟ್ಟು, ಕತ್ತರಿ ಹಿಡಿದು ಹೊಸ ಆಟ ಕಟ್ಟುತ್ತಾನೆ.

ಮೊನ್ನೆ ಒಂದನ್ನು ಅಜ್ಜಿಯ ಮುಂದೆ ಹರಡಿದ. ನಾನೂ ಇದ್ದೆ. ಅಜ್ಜಿಗೆ ಆಟ ತಿಳಿಯಲಿಲ್ಲ. "ತಪ್ಪು ನಿಂದಲ್ಲ ಅಜ್ಜಿ, ನಾನು ಬರೆದ ನಿಯಮದ್ದು" ಎಂದವನೇ ಪೆನ್ಸಿಲಿನಿಂದ ಎರಡು ಸಾಲು ಹೊಡೆದುಹಾಕಿದ. ಎಷ್ಟು ದೊಡ್ಡ ಮಾತು! ಅವನ ಕೆಲಸದಲ್ಲೂ ಹಾಗೆಯೇ: ವೆಬ್ ಪುಟದಲ್ಲಿ ಗುಂಡಿ ಸಿಗದೆ ಯಾರಾದರೂ ತಡಕಾಡಿದರೆ, ಅದೂ ಕಟ್ಟಿದವನದೇ ತಪ್ಪಂತೆ.

ಆಮೇಲೆ ಅಜ್ಜಿ ನೆಲದ ಮೇಲೆ ಚೌಕಾಬಾರ ಬರೆದರು. 25 ಮನೆ, 4 ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಬೋರಲು ಬಿದ್ದರೆ ಬಾರ, ಅಂದರೆ ಎಂಟು. ನಿಯಮದ ಪುಸ್ತಕವೇ ಇಲ್ಲದೆ ಬಾಯಿಂದ ಬಾಯಿಗೆ ಬಂದ ಆಟ. ಹುಡುಗ ಕಣ್ಣರಳಿಸಿ ನೋಡುತ್ತಿದ್ದ.

ನಿಮ್ಮ ಮನೆಯ ಕವಡೆಗಳನ್ನೂ ಇವತ್ತು ಹೊರಗೆ ತೆಗೆಯಿರಿ.