ಆಡಿಟರು ಸಾಕ್ಷಿ ಹೇಳುವಾಗ

(ಗಿರಣಿ ಕಾರ್ಮಿಕರ ಹಾಗೂ ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಸೊಸೈಟಿಯ ಹಣ ಮಾಯವಾದಾಗ ನಾವೆಲ್ಲ ಕೇಳುವ ಮಾತು ಒಂದೇ: "ಸರ್ಕಾರಿ ಆಡಿಟರ ರಿಪೋರ್ಟೇ ಬಂದಿದೆಯಲ್ಲ, ತಿಂದವನು ಇನ್ನೂ ಹೊರಗೆ ತಿರುಗುತ್ತಿದ್ದಾನಲ್ಲ, ಏಕೆ?" ಸಿಟ್ಟು ನ್ಯಾಯವಾದದ್ದೇ. ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದ ಹಣ ಅದು. ಆದರೆ ರಿಪೋರ್ಟು ತೀರ್ಪಲ್ಲ. ಅದನ್ನು ಬರೆದವರು ಕೋರ್ಟಿಗೆ ಬಂದು, ಪ್ರಮಾಣ ಮಾಡಿ, ಪಾಟೀಸವಾಲಿಗೆ ಉತ್ತರ ಕೊಡಬೇಕು.

1872ರ ಸಾಕ್ಷ್ಯದ ಕಾನೂನು ಹೋಗಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ವಿಷಯದಲ್ಲಿ ತಿರುಳು ಹಳೆಯದೇ. ಲೆಕ್ಕದ ಪುಸ್ತಕಗಳು ರಾಶಿರಾಶಿಯಾಗಿದ್ದು, ಕೋರ್ಟಿನಲ್ಲಿ ಕೂತು ಓದಲು ಆಗದಿದ್ದಾಗ, ಅವನ್ನು ಪರೀಕ್ಷಿಸಿದ ನುರಿತ ವ್ಯಕ್ತಿ ಒಟ್ಟು ಫಲಿತಾಂಶವನ್ನು ಹೇಳಬಹುದು. ಆಡಿಟರಿಗೆ ಕಾನೂನು ತೆರೆದಿಟ್ಟ ಬಾಗಿಲು ಇದು. "ರೋಕಡ್ ಪುಸ್ತಕದಲ್ಲಿ ಇಷ್ಟು ಬಂದಿದೆ, ಬ್ಯಾಂಕಿಗೆ ಇಷ್ಟೇ ಹೋಗಿದೆ, ನಡುವಿನದಕ್ಕೆ ಓಚರಿಲ್ಲ" ಎಂದು ಅವರು ಹೇಳಬಹುದು. "ಕಾರ್ಯದರ್ಶಿಯೇ ನುಂಗಿದ" ಎಂದು ತೀರ್ಮಾನ ಕೊಡುವುದು ಅವರ ಕೆಲಸವಲ್ಲ. ತಿಜೋರಿಯ ಕೀಲಿ ಯಾರ ಬಳಿ ಇತ್ತು, ರುಜು ಯಾರದು ಎಂಬುದಕ್ಕೆ ಬೇರೆ ಸಾಕ್ಷಿಗಳು ಬೇಕು.

ಅಂಗಡಿಕಾರರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಖಾತೆ ಪುಸ್ತಕದಲ್ಲಿ ನನ್ನ ಹೆಸರಿಗೆ ನೂರು ರೂಪಾಯಿ ಬರೆದಿಟ್ಟ ಮಾತ್ರಕ್ಕೆ ನಾನು ಸಾಲಗಾರನಾಗುವುದಿಲ್ಲ. 1998ರಲ್ಲಿ ಜೈನ್ ಹವಾಲಾ ಡೈರಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಬಿಡಿ ಹಾಳೆಗಳನ್ನಂತೂ ಲೆಕ್ಕದ ಪುಸ್ತಕವೆಂದೇ ಒಪ್ಪಲಿಲ್ಲ.

ದೊಡ್ಡವರ ಮೊಕದ್ದಮೆಯನ್ನೂ ನೋಡಿ. 2010ರಲ್ಲಿ 2ಜಿ ತರಂಗಾಂತರ ಹಂಚಿಕೆಯ ಬಗ್ಗೆ ಮಹಾಲೆಕ್ಕಪರಿಶೋಧಕರ ವರದಿ ಬಂತು. ಅದರ ಅಂದಾಜುಗಳಲ್ಲಿ ದೊಡ್ಡದು 1.76 ಲಕ್ಷ ಕೋಟಿ ರೂಪಾಯಿ. ಸಿ.ಬಿ.ಐ. ತನ್ನ ದೋಷಾರೋಪಪಟ್ಟಿಯಲ್ಲಿ ಬರೆದ ನಷ್ಟ 30,984 ಕೋಟಿ. 2012ರಲ್ಲಿ ಸುಪ್ರೀಂ ಕೋರ್ಟು 122 ಲೈಸೆನ್ಸುಗಳನ್ನು ರದ್ದು ಮಾಡಿತು. ಆದರೂ 2017ರ ಡಿಸೆಂಬರ್ 21ರಂದು ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. ಸಿ.ಬಿ.ಐ.ಯ ಮೇಲ್ಮನವಿಯನ್ನು ದೆಹಲಿ ಹೈಕೋರ್ಟು ವಿಚಾರಣೆಗೆ ತೆಗೆದುಕೊಂಡದ್ದು 2024ರಲ್ಲಿ! ಬರಬಹುದಾಗಿದ್ದ ಹಣ ಬರಲಿಲ್ಲ ಎಂಬುದು ಒಂದು ಲೆಕ್ಕ. ಯಾರು, ಯಾವ ಉದ್ದೇಶದಿಂದ, ಏನು ಪಡೆದು ಹಾಗೆ ಮಾಡಿದರು ಎಂಬುದು ಬೇರೆ ಲೆಕ್ಕ. ಮಹಾಲೆಕ್ಕಪರಿಶೋಧಕರ ವರದಿ ಪಾರ್ಲಿಮೆಂಟಿನ ಪರಿಶೀಲನೆಗೆ ಒಳಪಟ್ಟದ್ದು, ಅದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಹೇಳಿದೆ.

ನಮ್ಮ ಸೊಸೈಟಿಯ ಗತಿಯೂ ಇಲ್ಲೇ ಇದೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ. ಆಡಿಟರಿಗೆ ವರ್ಗವಾಗಿರುತ್ತದೆ, ನಿವೃತ್ತಿಯೂ ಆಗಿರಬಹುದು. ಬಸ್ಸು ಹಿಡಿದು ಬಂದ ಆ ಮುದುಕರನ್ನು ಎದುರು ವಕೀಲರು ಕೇಳುತ್ತಾರೆ: "ತಿಜೋರಿಯ ಹಣ ನೀವೇ ಎಣಿಸಿದಿರಾ? ಪುಸ್ತಕ ನಿಮ್ಮ ಕೈಗೆ ಕೊಟ್ಟವರು ಯಾರು? ಓಚರುಗಳನ್ನೆಲ್ಲ ನೋಡಿದಿರೋ, ಅಲ್ಲೊಂದು ಇಲ್ಲೊಂದು ಆಯ್ದು ನೋಡಿದಿರೋ?" ಆಗಲೇ ಬರೆದಿಟ್ಟ ತಮ್ಮ ಟಿಪ್ಪಣಿ ನೋಡಿ ನೆನಪು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಆ ಟಿಪ್ಪಣಿಯೇ ಕಳೆದುಹೋಗಿದ್ದರೆ? ಮೂಲ ಪುಸ್ತಕವನ್ನು ಗೆದ್ದಲು ತಿಂದಿದ್ದರೆ? (ಇಂಥ ಗೆದ್ದಲಿಗೆ ಬೇಕಾದ ಪುಟ ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ!)

ಆದ್ದರಿಂದ ಮಹಾಸಭೆಯಲ್ಲಿ ಆಡಿಟ್ ವರದಿ ಓದಿದಾಗ ಚಪ್ಪಾಳೆಗೂ ಚಹಕ್ಕೂ ಮೊದಲು ಎದ್ದು ನಿಂತು ಕೇಳಿ: ಮೂಲ ಪುಸ್ತಕಗಳು ಈಗ ಯಾರ ವಶದಲ್ಲಿವೆ, ಪಟ್ಟಿ ಮಾಡಿ ರುಜು ಹಾಕಿದ್ದಾರೆಯೇ? ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ. ಹಣ ಕಟ್ಟಿದ ರಸೀತಿಯನ್ನು ಮನೆಯ ಪೆಟ್ಟಿಗೆಯಲ್ಲಿಡಿ, ಸೊಸೈಟಿಯವರು "ಹಳೆಯದು, ಕೊಡಿ" ಎಂದರೂ ಕೊಡಬೇಡಿ.